ಆಷಾಢದ ಆಫರ್ ಹಾಕುವ ಮುನ್ನ: ಬ್ಯೂಟಿ ಪಾರ್ಲರ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಸಣ್ಣ ಊರುಗಳಲ್ಲಿ ಪಾರ್ಲರ್ ನಡೆಸುತ್ತಿರುವ ಅಕ್ಕ-ತಂಗಿಯರೇ,



ಮನೆಯ ಮುಂದಿನ ರೂಮಿಗೆ ದೊಡ್ಡ ಕನ್ನಡಿ ಹಾಕಿಸಿ ಎರಡು ಕುರ್ಚಿಯಲ್ಲಿ ಶುರು ಮಾಡಿದವರು, ಬಸ್ ಸ್ಟ್ಯಾಂಡಿನ ಹತ್ತಿರ ಕಾಂಪ್ಲೆಕ್ಸಿನ ಮೇಲ್ಮಹಡಿಯಲ್ಲಿ ಬಾಡಿಗೆ ಕಟ್ಟಿ ಕೂತವರು, ಸಂಘದಲ್ಲಿ ಸಾಲ ಎತ್ತಿ ಫೇಶಿಯಲ್ ಬೆಡ್ ತಂದವರು, ಈ ಪತ್ರ ನಿಮಗೆ. ಊರೂರಿಗೆ ಬ್ರಾಂಚ್ ಇರುವ ದೊಡ್ಡ ಸಲೂನ್‌ಗಳಿಗಲ್ಲ. ಅವರಿಗೆ ಲೆಕ್ಕ ಹಾಕಿಕೊಡಲು ಸಂಬಳದ ಜನ ಇದ್ದಾರೆ. ನಾನು ದಾವಣಗೆರೆ ಸೀಮೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವಳು. ಬಟ್ಟೆ ಅಂಗಡಿ, ಬೇಕರಿ, ಮೆಡಿಕಲ್ ಶಾಪಿನ ಪುಸ್ತಕಗಳ ನಡುವೆ ನಿಮ್ಮಂಥವರ ಪುಸ್ತಕಗಳೂ ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತದೆ: ಗಿರಾಕಿ ಅತಿ ಹೆಚ್ಚು ಬಂದ ತಿಂಗಳೂ, ಕೈಯಲ್ಲಿ ದುಡ್ಡು ಅತಿ ಕಡಿಮೆ ಉಳಿದ ತಿಂಗಳೂ ಒಂದೇ ಆಗಿರುತ್ತದೆ. ಆ ತಿಂಗಳ ಹಾಳೆ ತಿರುವಿದರೆ ಅಲ್ಲೊಂದು ಆಫರ್ ಕೂತಿರುತ್ತದೆ.

ಆಫರ್ ಹಾಕಲೇಬೇಡಿ ಎಂದು ಹೇಳಲು ಬರೆಯುತ್ತಿಲ್ಲ. ಎದುರಿನ ಕಾಂಪ್ಲೆಕ್ಸಿನವಳು ‘ಯಾವುದೇ ಫೇಶಿಯಲ್ 399’ ಎಂದು ಫ್ಲೆಕ್ಸ್ ಕಟ್ಟಿಸಿದಾಗ, ನಿಮ್ಮ ಹಳೇ ಗಿರಾಕಿಯೇ ಬಂದು “ಏನ್ರೀ ಮೇಡಂ, ಅಲ್ಲಿ 399ಕ್ಕೆ ಮಾಡ್ತಾರಂತೆ, ನಿಮ್ಮದ್ಯಾಕೆ 800?” ಎಂದು ಕೇಳಿದಾಗ ಸುಮ್ಮನಿರುವುದು ಕಷ್ಟ. ಅವತ್ತು ರಾತ್ರಿಯೇ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ಫ್ಲಾಟ್ ಶೇ. 50’ ಬೀಳುತ್ತದೆ. ಬೀಳುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ ಎನ್ನುವುದಷ್ಟೇ ನನ್ನ ಮಾತು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನಿಮ್ಮ ಫೇಶಿಯಲ್ ದರ 800 ರೂಪಾಯಿ. ಒಂದೊಂದು ಫೇಶಿಯಲ್‌ಗೂ ಕಿಟ್ಟು, ಹತ್ತಿ, ಬಿಸಾಡುವ ಶೀಟು, ಕರೆಂಟು, ಮಾಡಿದ ಹುಡುಗಿಗೆ ಕೊಡುವ ಕಮಿಷನ್ ಎಲ್ಲ ಸೇರಿ 250 ಹೋಗುತ್ತದೆ. ಉಳಿಯುವುದು 550. ಬಾಡಿಗೆ, ಸಂಬಳ, ಸಾಲದ ಕಂತು, ನಿಮ್ಮ ಮನೆಯ ಹಾಲಿನ ಬಿಲ್ಲು ಎಲ್ಲಕ್ಕೂ ಈ 550 ರೂಪಾಯಿಯೇ ಗತಿ. ವಾರಕ್ಕೆ ಹತ್ತು ಫೇಶಿಯಲ್ ಆದರೆ 5,500. ಈಗ ದರವನ್ನು ಅರ್ಧಕ್ಕಿಳಿಸಿ. ಗಿರಾಕಿ 400 ಕೊಡುತ್ತಾಳೆ. ಕಿಟ್ಟಿನ ಕಂಪನಿ ನಿಮಗೆ ಅರ್ಧ ದರ ಮಾಡಲಿಲ್ಲ, ಹುಡುಗಿಯ ಕಮಿಷನ್ನೂ ಮೊದಲಿನಷ್ಟೇ ಎಂದಿಟ್ಟುಕೊಳ್ಳಿ, ಆದ್ದರಿಂದ ಆ 250 ಹಾಗೇ ಇದೆ. ಉಳಿಯುವುದು 150. ಮೊದಲಿನ 5,500 ಕೈಗೆ ಬರಬೇಕಾದರೆ ವಾರಕ್ಕೆ ಹತ್ತಲ್ಲ, ಮೂವತ್ತೇಳು ಫೇಶಿಯಲ್ ಮಾಡಬೇಕು. ದರ ಅರ್ಧವಾಯಿತು, ಕೆಲಸ ಸುಮಾರು ನಾಲ್ಕು ಪಟ್ಟಾಯಿತು. ‘ಶೇ. 50 ಬಿಟ್ಟರೆ ಎರಡರಷ್ಟು ಜನ ಬಂದರೆ ಸಾಕು’ ಎಂದು ಮನಸ್ಸು ಹೇಳುತ್ತದೆ. ಪುಸ್ತಕ ಹಾಗೆ ಹೇಳುವುದಿಲ್ಲ.

ಶೇ. 20 ಬಿಟ್ಟರೆ ಹತ್ತರ ಜಾಗದಲ್ಲಿ ಹದಿನೈದು ಬೇಕು. ಅದು ಆಗುವ ಮಾತು. ಶೇ. 10 ಬಿಟ್ಟರೆ ಹನ್ನೆರಡು. ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಿ: ದರವನ್ನು 880ಕ್ಕೆ ಏರಿಸಿ, ಹತ್ತರಲ್ಲಿ ಒಬ್ಬಳು ಮುನಿಸಿಕೊಂಡು ಹೋದರೂ ಒಂಬತ್ತು ಜನರಿಂದ 5,670 ಉಳಿಯುತ್ತದೆ, ಮೊದಲಿಗಿಂತ ಜಾಸ್ತಿಯೇ. ದರ ಏರಿಸಿ ಅಂತ ನಾನು ಹೇಳಿದೆ ಎಂದು ಯಾರ ಹತ್ತಿರವೂ ಹೇಳಬೇಡಿ. ನಾನೂ ನಿಮ್ಮಲ್ಲೇ ಐಬ್ರೋ ಮಾಡಿಸುವವಳು.

ಐಬ್ರೋ ಎಂದ ಮೇಲೆ ಆ ಕಥೆಯೇ ಬೇರೆ. ಒಂದು ದಾರ, ಚಿಟಿಕೆ ಪೌಡರು, ಹತ್ತು ನಿಮಿಷ. ಸಾಮಾನಿನ ಖರ್ಚು ಎನ್ನುವುದು ಇಲ್ಲವೇ ಇಲ್ಲ. ‘ಫೇಶಿಯಲ್ ಮಾಡಿಸಿದರೆ ಐಬ್ರೋ ಫ್ರೀ’ ಎಂದರೆ ನೀವು ಕೊಟ್ಟಿದ್ದು ಹತ್ತು ನಿಮಿಷವನ್ನು ಮಾತ್ರ. ಆ ಹತ್ತು ನಿಮಿಷ ಬುಧವಾರ ಬೆಳಿಗ್ಗೆ ಹನ್ನೊಂದರದ್ದಾದರೆ ನಿಮಗೆ ಏನೂ ಹೋಗಲಿಲ್ಲ. ಹುಡುಗಿ ಹೇಗೂ ಮೊಬೈಲ್ ನೋಡುತ್ತ ಕೂತಿರುತ್ತಿದ್ದಳು. ಅದೇ ಹತ್ತು ನಿಮಿಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆಯದ್ದಾದರೆ, ಬೆಂಚಿನ ಮೇಲೆ ಆರು ಜನ ಕಾಯುತ್ತಿರುವಾಗ, ಫ್ರೀ ಐಬ್ರೋ ಎಂದರೆ ಪೂರ್ತಿ ದುಡ್ಡು ಕೊಡುವ ಗಿರಾಕಿಯನ್ನು ಎಬ್ಬಿಸಿ ಕಳಿಸಿದಂತೆ. ಸೇವೆ ಅದೇ, ಆಫರ್ ಅದೇ. ಅದು ಪುಕ್ಕಟೆಯೋ ದುಬಾರಿಯೋ ಎನ್ನುವುದನ್ನು ಗೋಡೆಯ ಗಡಿಯಾರ ಹೇಳುತ್ತದೆ. ಈ ಪತ್ರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ರಿಯಾಯಿತಿಯನ್ನು ಖಾಲಿ ಹೊತ್ತಿಗೆ ಕೊಡಿ, ಸೇವೆಗೆ ಕೊಡಬೇಡಿ.

ಬಟ್ಟೆ ಅಂಗಡಿಯವರನ್ನು ನೋಡಿ ನೀವು ಆಷಾಢ ಸೇಲ್ ಹಾಕುತ್ತೀರಿ. ಅವರದು ಬೇರೆ ಲೆಕ್ಕ. ಅವರ ಕಪಾಟಿನಲ್ಲಿ ಕಳೆದ ಸೀಸನ್ನಿನ ಸೀರೆ ಕೂತಿದೆ, ಅದರಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಿದೆ. ಶ್ರಾವಣದ ಹೊಸ ಮಾಲಿಗೆ ಜಾಗ ಬೇಕು, ಹಾಗಾಗಿ ಬಂದ ಬೆಲೆಗೆ ಬಿಡುತ್ತಾರೆ. ನಿಮ್ಮಲ್ಲಿ ಕಪಾಟು ಖಾಲಿ ಮಾಡುವ ಮಾಲೇ ಇಲ್ಲ. ಇರುವುದು ಹೊತ್ತು. ಮಾರದ ಸೀರೆ ನಾಳೆಗೂ ಸೀರೆಯೇ, ಮಾರದ ಹನ್ನೊಂದು ಗಂಟೆ ಹನ್ನೆರಡಕ್ಕೆ ಇಲ್ಲ. ಆದ್ದರಿಂದ ಇಡೀ ತಿಂಗಳು, ಇಡೀ ದಿನ, ಎಲ್ಲ ಸೇವೆಗೂ ಅರ್ಧ ದರ ಎನ್ನುವುದು ಸೀರೆಯವನಿಗೆ ಸರಿ, ನಿಮಗೆ ತಪ್ಪು. ಆಷಾಢದಲ್ಲೂ ನಿಮ್ಮ ಭಾನುವಾರ ತುಂಬಿಯೇ ಇರುತ್ತದೆ. ತುಂಬಿದ ಭಾನುವಾರವನ್ನು ಅರ್ಧಕ್ಕೆ ಮಾರುವುದು ಯಾವ ನ್ಯಾಯ?

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಸರಿ. ಆದರೆ ಆಷಾಢದಲ್ಲಿ ಯಾರು ಎಲ್ಲಿರುತ್ತಾರೆ ಎಂದು ಯೋಚಿಸಿದ್ದೀರಾ? ಮೊನ್ನೆ ವೈಶಾಖದಲ್ಲಿ ನೀವೇ ಮೇಕಪ್ ಮಾಡಿ ಕಳಿಸಿದ ಹುಡುಗಿ ಈಗ ತವರಿಗೆ ಬಂದಿರುತ್ತಾಳೆ. ಅವಳಿಗೆ ಹೊತ್ತು ಇದೆ, ಅಮ್ಮನ ಕೈಯಿಂದ ದುಡ್ಡು ಸಿಗುತ್ತದೆ, ಮದುವೆಗೆ ಮುನ್ನ ಮಾಡಿಸಿದ ಪೆಡಿಕ್ಯೂರ್, ಹೇರ್ ಸ್ಪಾಗಳ ರುಚಿಯೂ ಹತ್ತಿದೆ. ಊರಿಗೆಲ್ಲ ಅರ್ಧ ದರ ಸಾರುವ ಬದಲು ಆ ಹುಡುಗಿಗೊಂದು ಫೋನ್ ಮಾಡಿ: ಸೋಮವಾರದಿಂದ ಗುರುವಾರದವರೆಗೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಬಂದರೆ, ಜೊತೆಗೆ ಅಮ್ಮನನ್ನೋ ತಂಗಿಯನ್ನೋ ಕರೆತಂದರೆ, ಆ ಎರಡನೆಯವರಿಗೆ ಅರ್ಧ. ಫ್ಲೆಕ್ಸಿನ ಖರ್ಚಿಲ್ಲ. ಪೂರ್ತಿ ದರ ಕೊಡುವ ಭಾನುವಾರದ ಗಿರಾಕಿಗೆ ಈ ಸುದ್ದಿಯೂ ತಲುಪುವುದಿಲ್ಲ. ಆ ಅಮ್ಮ ಮೊದಲ ಬಾರಿಗೆ ಪಾರ್ಲರಿನ ಮೆಟ್ಟಿಲು ಹತ್ತಿದವಳಾದರಂತೂ ಇನ್ನೂ ಒಳ್ಳೆಯದು.

ಪಂಚಾಂಗ ನೋಡದೆ ಪಾರ್ಲರ್ ನಡೆಸಲಾಗದು ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಆಫರ್ ಹಾಕುವಾಗ ಅದನ್ನು ಮರೆಯುತ್ತೀರಿ. 2023ರಲ್ಲಿ ಆಷಾಢ ಮುಗಿಯುತ್ತಲೇ ಅಧಿಕ ಶ್ರಾವಣ ಬಂತು; ಎರಡು ತಿಂಗಳು ಸಾಲಾಗಿ ಮದುವೆ ನಿಂತಿತು. ಆಷಾಢಕ್ಕೇ ಎಲ್ಲ ಗುಂಡು ಹಾರಿಸಿದವರಿಗೆ ಎರಡನೇ ತಿಂಗಳಿಗೆ ಹೇಳಲು ಏನೂ ಉಳಿಯಲಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ, ಅಂದರೆ ಮದುವೆಗಳ ನಡುಮಧ್ಯದಲ್ಲೇ ಮೇ ಹದಿನೇಳರಿಂದ ಒಂದು ತಿಂಗಳ ಕಂದರ. ಧನುರ್ಮಾಸದಲ್ಲಿ ಮದುವೆ ಇಲ್ಲವೆಂದು ಕೈ ಕಟ್ಟಿ ಕೂರುವವರು ಡಿಸೆಂಬರಿನ ಶಾಲಾ ವಾರ್ಷಿಕೋತ್ಸವಗಳನ್ನು ನೋಡಲಿ. ಒಂದೊಂದು ಶಾಲೆಯಲ್ಲಿ ಡ್ಯಾನ್ಸ್ ಮಾಡುವ ಮಕ್ಕಳೇ ಎಷ್ಟೋ! ಹೆಡ್ ಮೇಡಂ ಜೊತೆ ಮಾತಾಡಿ ತಲೆಗಿಷ್ಟು ಎಂದು ಗುತ್ತಿಗೆ ಹಿಡಿದರೆ ಅದಕ್ಕೆ ಸ್ವಲ್ಪ ದರ ಬಿಟ್ಟರೂ ನಷ್ಟವಿಲ್ಲ, ಏಕೆಂದರೆ ಕೆಲಸ ಒಂದೇ ಕಡೆ, ಒಂದೇ ಸಂಜೆ ಮುಗಿಯುತ್ತದೆ.

ಮಂಗಳವಾರದ ಬಗ್ಗೆಯೂ ಹೇಳಬೇಕು. ಮಂಗಳವಾರ ಖಾಲಿ ಎಂದು ‘ಮಂಗಳವಾರ ಹೇರ್ ಕಟ್ ಅರ್ಧ ದರ’ ಹಾಕಿದವರನ್ನು ನೋಡಿದ್ದೇನೆ. ನಮ್ಮ ಹೆಣ್ಣುಮಕ್ಕಳು ಮಂಗಳವಾರ, ಶುಕ್ರವಾರ ಕೂದಲಿಗೆ ಕತ್ತರಿ ಹಾಕಿಸುವುದಿಲ್ಲ. ಅರ್ಧ ದರವಿರಲಿ, ಬಿಟ್ಟಿ ಎಂದರೂ ಅತ್ತೆ ಕಳಿಸುವುದಿಲ್ಲ. ಗಿರಾಕಿ ಬಾರದಿರುವುದಕ್ಕೆ ಬೆಲೆ ಕಾರಣವಲ್ಲದಿದ್ದರೆ ಬೆಲೆ ಇಳಿಸಿ ಪ್ರಯೋಜನವಿಲ್ಲ. ಮಂಗಳವಾರಕ್ಕೆ ಮೆನಿಕ್ಯೂರ್, ಪೆಡಿಕ್ಯೂರ್, ಹೇರ್ ಸ್ಪಾ ಇಡಿ. ಪೆಡಿಕ್ಯೂರಿನಲ್ಲಿ ಉಗುರು ತೆಗೆಯುವುದೂ ಮಂಗಳವಾರ ಆಗದು ಎನ್ನುವ ಮನೆಗಳಿವೆ. ಅಂಥಲ್ಲಿ ಹೇರ್ ಸ್ಪಾ ಒಂದೇ ಗತಿ.

ಇನ್ನು ಮುಹೂರ್ತದ ದಿನ. ಒಂದು ವಾರದಲ್ಲಿ ಎರಡೇ ಒಳ್ಳೆಯ ಮುಹೂರ್ತವಿದ್ದರೆ ಊರಿನ ಎಲ್ಲ ಕಲ್ಯಾಣ ಮಂಟಪಗಳಿಗೂ ಅವೇ ಎರಡು ದಿನ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಾಕ್ಸ್ ಹಿಡಿದು ಹೋಗುವವರು ನೀವು. ಆ ದಿನಕ್ಕೆ ಜಾಸ್ತಿ ತಗೊಂಡರೆ ಜನ ಬೈಯುತ್ತಾರೆ ಎಂಬ ಭಯದಿಂದ ಒಂದೇ ದರ ಇಟ್ಟುಕೊಂಡಿದ್ದೀರಿ. ಬೈಯುವುದು ನಿಜ. 1986ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ಕ್ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆನಡಾದ ಜನರನ್ನು ಹೀಗೆ ಕೇಳಿದ್ದರು: 15 ಡಾಲರಿಗೆ ಹಿಮ ಎತ್ತುವ ಸಲಿಕೆ ಮಾರುತ್ತಿದ್ದ ಅಂಗಡಿಯವನು ದೊಡ್ಡ ಹಿಮಪಾತದ ಮರುದಿನ 20 ಮಾಡಿದರೆ ಅದು ಸರಿಯೇ? ಶೇ. 82 ಜನ ಅನ್ಯಾಯ ಎಂದರು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಸಿಕ್ಕಿತು. ಪಟ್ಟಿ ಬೆಲೆಯ ಮೇಲೆ ಕೂಡಿಸಿದರೆ ಸಿಟ್ಟಾಗುವ ಜನ, ಮೊದಲು ಕೊಡುತ್ತಿದ್ದ ರಿಯಾಯಿತಿಯನ್ನು ನಿಲ್ಲಿಸಿದರೆ ಅಷ್ಟು ಸಿಟ್ಟಾಗುವುದಿಲ್ಲ. ನಿಮಗೆ ಬೇಕಾದ ದಾರಿ ಇದರಲ್ಲೇ ಇದೆ. ಮುಹೂರ್ತದ ದಿನದ ದರವನ್ನೇ ನಿಮ್ಮ ರೇಟ್ ಕಾರ್ಡಿನಲ್ಲಿ ಹಾಕಿ. ನಿಶ್ಚಿತಾರ್ಥ, ಸೀಮಂತ, ನಾಮಕರಣ ಎಂದು ವಾರದ ನಡುವೆ ಬರುವ ಕೆಲಸಗಳಿಗೆ ಅದರಿಂದ ಇಷ್ಟು ಕಡಿಮೆ ಎಂದು ಬರೆಯಿರಿ. ಬರುವ ದುಡ್ಡು ಅದೇ. ಮದುಮಗಳ ಅಮ್ಮನ ಮುಖ ಮಾತ್ರ ಬೇರೆ.

ಬ್ರೈಡಲ್ ಕೆಲಸಕ್ಕೆ ಡಿಸ್ಕೌಂಟ್ ಹಾಕುವುದನ್ನು ಮಾತ್ರ ನಾನು ಒಪ್ಪುವುದೇ ಇಲ್ಲ. ಮಂಟಪಕ್ಕೆ, ಅಡುಗೆಯವರಿಗೆ, ಫೋಟೋದವರಿಗೆ ಲಕ್ಷದಲ್ಲಿ ಎಣಿಸುವವರು ನಿಮ್ಮ ಹತ್ತಿರ ಬಂದಾಗ ಚೌಕಾಸಿ ಮಾಡುತ್ತಾರೆ, ಏಕೆಂದರೆ ನೀವು ಬಗ್ಗುತ್ತೀರಿ ಎಂದು ಗೊತ್ತು. ದರ ಬಿಡಬೇಡಿ, ಬೇಕಾದರೆ ಏನಾದರೂ ಸೇರಿಸಿ. ಹುಡುಗಿಯ ಅಕ್ಕನಿಗೆ ಸೀರೆ ಉಡಿಸಿಕೊಡುತ್ತೇನೆ ಎನ್ನಿ. ನಿಮಗೆ ಅದು ಹದಿನೈದು ನಿಮಿಷ, ಅವರಿಗೆ ಅದು ಐನೂರು ರೂಪಾಯಿಯ ಉಳಿತಾಯ. ಅಡ್ವಾನ್ಸ್ ಇಲ್ಲದೆ ಡೇಟ್ ಬರೆದುಕೊಳ್ಳಬೇಡಿ.

ಅಡ್ವಾನ್ಸ್ ಎಂದಾಗ ಮೆಂಬರ್‌ಶಿಪ್ ನೆನಪಾಯಿತು. ‘5,000 ಕಟ್ಟಿ, 7,000ದ ಸರ್ವಿಸ್ ಪಡೆಯಿರಿ.’ ಇದು ಶೇ. 28ಕ್ಕೂ ಹೆಚ್ಚಿನ ರಿಯಾಯಿತಿ ಎಂದು ಹಾಕುವಾಗ ಹೊಳೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಆ ಐದು ಸಾವಿರ ಇನ್ನೂ ನಿಮ್ಮ ದುಡ್ಡಲ್ಲ. ಗಿರಾಕಿ ನಿಮಗೆ ಕೊಟ್ಟ ಸಾಲ. ಕೆಲಸ ಮಾಡಿದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ನಿಮ್ಮದಾಗುತ್ತದೆ. ದೀಪಾವಳಿಗೆ ಇಪ್ಪತ್ತು ಕಾರ್ಡು ಮಾರಿ, ಬಂದ ಲಕ್ಷದಲ್ಲಿ ಹೊಸ ಎಸಿ ಹಾಕಿಸಿ, ಕಾರ್ತಿಕದ ಮದುವೆ ಸೀಸನ್ನಿನಲ್ಲಿ ಕಾರ್ಡಿನವರೇ ಕುರ್ಚಿ ತುಂಬಿ ಕೂತರೆ ಗಲ್ಲಾಪೆಟ್ಟಿಗೆಗೆ ಏನು ಬೀಳುತ್ತದೆ? ಕಾರ್ಡು ಮಾರುವುದಾದರೆ ವಾರದ ದಿನಗಳಿಗೆ ಮಾತ್ರ ಎಂದು ಅದರ ಮೇಲೇ ಬರೆಯಿರಿ. ಬಂದ ಹಣವನ್ನು ಬೇರೆ ಖಾತೆಯಲ್ಲಿಡಿ.

ಈಗ ನನಗೆ ಸಿಟ್ಟು ಬರುವ ಆಫರಿಗೆ ಬರುತ್ತೇನೆ. ‘ಫೇಶಿಯಲ್ ಜೊತೆ ಬ್ಲೀಚ್ ಫ್ರೀ’, ‘ಐದು ಡಿ-ಟ್ಯಾನ್‌ಗೆ ಆರನೆಯದು ಫ್ರೀ’. ಇದಕ್ಕೊಬ್ಬ ಸಂಬಂಧಿಕ ವಿದೇಶದಲ್ಲಿದ್ದಾನೆ. ಅಮೆರಿಕ, ಯುರೋಪಿನಲ್ಲಿ ಬಿಳಿ ಚರ್ಮದವರು ಕಂದು ಬಣ್ಣ ಬರಿಸಿಕೊಳ್ಳಲು ದುಡ್ಡು ಕೊಡುವ ಟ್ಯಾನಿಂಗ್ ಸಲೂನ್‌ಗಳಿವೆ. ಅತಿನೇರಳೆ ದೀಪಗಳ ಪೆಟ್ಟಿಗೆಯಲ್ಲಿ ಮಲಗಿ ಎದ್ದು ಬರುವುದು. ನಮ್ಮವರು ಕಪ್ಪು ಕಳೆಯಲು ಕೊಡುವ ದುಡ್ಡನ್ನು ಅವರು ಕಪ್ಪು ಬರಿಸಲು ಕೊಡುತ್ತಾರೆ. ದರ ಕಟ್ಟುವ ವಿದ್ಯೆ ಎರಡು ಕಡೆಯೂ ಒಂದೇ: ಮೊದಲ ಸಲ ಫ್ರೀ, ಆಮೇಲೆ ಪ್ಯಾಕೇಜ್, ಆಮೇಲೆ ‘ತಿಂಗಳಿಗೆ ಇಷ್ಟು ಕಟ್ಟಿ, ಎಷ್ಟು ಸಲವಾದರೂ ಬನ್ನಿ’. ತಿಂಗಳ ದುಡ್ಡು ಕಟ್ಟಿದವಳಿಗೆ ಇನ್ನೊಂದು ಸಲ ಹೋಗುವುದಕ್ಕೆ ಖರ್ಚೇ ಇಲ್ಲವಲ್ಲ, ಹೋಗುತ್ತಾಳೆ. ಜಿಮ್ಮಿನಲ್ಲಾದರೆ ಒಳ್ಳೆಯದೇ. ಇಲ್ಲಿ ಪ್ರತಿ ಸಲವೂ ಚರ್ಮದ ಮೇಲೆ ಅತಿನೇರಳೆ ಕಿರಣ ಬೀಳುತ್ತದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಯಂತ್ರಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ, ತಂಬಾಕು ಇರುವ ಗುಂಪಿಗೇ, ಸೇರಿಸಿತು. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ 2016ರ ಹೊತ್ತಿಗೆ ವ್ಯಾಪಾರಕ್ಕಾಗಿ ನಡೆಸುವುದು ನಿಂತಿತು. ಅಮೆರಿಕದಲ್ಲಿ 2010ರ ಜುಲೈಯಿಂದ ಶೇ. 10 ತೆರಿಗೆ ಬಿತ್ತು.

ನಿಮ್ಮ ಬ್ಲೀಚಿಗೂ ಆ ದೀಪಕ್ಕೂ ಹೋಲಿಕೆ ಇಲ್ಲ, ಒಪ್ಪಿದೆ. ಆದರೆ ಬೆಲೆಯೊಂದು ಜನರನ್ನು ಬೇಡದಷ್ಟು ಸಲ ಕರೆತರಬಲ್ಲದು ಎನ್ನುವುದು ಎರಡು ಕಡೆಯೂ ನಿಜ. ಬ್ಲೀಚಿನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡು, ಅಮೋನಿಯಾ. ಕೆಲವರ ಮುಖ ಉರಿಯುತ್ತದೆ, ಕೆಂಪಾಗುತ್ತದೆ. ಫ್ರೀ ಇದೆ ಎಂದು ಹಾಕಿಸಿಕೊಂಡವಳು ಅದನ್ನು ಕೇಳಿಕೊಂಡು ಬಂದಿರಲಿಲ್ಲ. ನಿಮ್ಮ ಆಫರ್ ಅದನ್ನು ಅವಳ ಮುಖಕ್ಕೆ ತಂದಿತು. ಬಿಸಿಲಿಗೆ ಕಪ್ಪಾದ ಮೈ ಬಿಸಿಲು ತಪ್ಪಿಸಿದರೆ ಕೆಲವು ವಾರಗಳಲ್ಲಿ ತಾನೇ ತಿಳಿಯಾಗುತ್ತದೆ ಎನ್ನುವುದು ನಿಮಗೂ ಗೊತ್ತು. ಹೇರ್ ಕಲರಿಗೆ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್ ಮಾಡಿ ಎಂದು ಡಬ್ಬಿಯ ಮೇಲೇ ಇರುತ್ತದೆ. ‘ಇವತ್ತು ಒಂದೇ ದಿನ’ ಎನ್ನುವ ಆಫರಿನಲ್ಲಿ ಅದಕ್ಕೆ ಎಲ್ಲಿ ಜಾಗ? ಫ್ರೀ ಕೊಡುವುದಿದ್ದರೆ ಹೆಚ್ಚಾದರೂ ತೊಂದರೆಯಾಗದ್ದನ್ನು ಕೊಡಿ. ತಲೆಗೆ ಎಣ್ಣೆ ಮಸಾಜು ಕೊಡಿ. ಯಾರೂ ಬೇಡ ಎನ್ನುವುದಿಲ್ಲ.

ಅರ್ಧ ದರದ ಇನ್ನೊಂದು ಕೇಡು ತಟ್ಟುವುದು ಕೆಲಸದ ಹುಡುಗಿಯರಿಗೆ. ಕೂಪನ್ ಮಾರುವ ಗ್ರೂಪಾನ್ ಕಂಪನಿ 2008ರಲ್ಲಿ ಶಿಕಾಗೋದಲ್ಲಿ ಶುರುವಾಗಿ ಜಗತ್ತಿಗೆಲ್ಲ ಅರ್ಧ ದರದ ಹುಚ್ಚು ಹಿಡಿಸಿದಾಗ, ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಉತ್ಪಲ್ ಧೋಲಾಕಿಯಾ 2010ರಲ್ಲಿ ಆ ಕೂಪನ್ ಹಾಕಿದ 150 ವ್ಯಾಪಾರಿಗಳನ್ನು ವಿಚಾರಿಸಿದರು. ಶೇ. 32 ಜನ ಲಾಭವಾಗಲಿಲ್ಲ ಎಂದರು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ಆಫರ್ ಗೆದ್ದಿದೆಯೋ ಸೋತಿದೆಯೋ ಎನ್ನುವುದಕ್ಕೂ ಕೆಲಸಗಾರರು ಸಮಾಧಾನವಾಗಿದ್ದರೋ ಇಲ್ಲವೋ ಎನ್ನುವುದಕ್ಕೂ ಧೋಲಾಕಿಯಾ ಅವರಿಗೆ ಕಂಡ ಸಂಬಂಧ. ನಿಮ್ಮಲ್ಲಿ ಬೆಳಿಗ್ಗೆಯಿಂದ ನಿಂತು ವ್ಯಾಕ್ಸಿಂಗ್ ಮಾಡುವ ಹುಡುಗಿಗೆ ಕಮಿಷನ್ ಬಿಲ್ಲಿನ ಮೇಲೆ ಲೆಕ್ಕವಾಗುವುದಾದರೆ, ನೀವು ದರ ಅರ್ಧ ಮಾಡಿದ ದಿನ ಅವಳ ಕೂಲಿಯೂ ಅರ್ಧವಾಯಿತು, ಕೆಲಸ ದುಪ್ಪಟ್ಟಾಯಿತು. ಅವಳು ಸ್ಟ್ರಿಪ್ ಎಳೆಯುವ ರೀತಿಯಲ್ಲೇ ಗಿರಾಕಿಗೆ ಅದು ಗೊತ್ತಾಗುತ್ತದೆ. ಆಫರಿನ ದಿನವೂ ಕಮಿಷನ್ ಪೂರ್ತಿ ದರದ ಮೇಲೇ ಕೊಡಿ. ಕೊಡಲು ಆಗದಿದ್ದರೆ ಆ ಆಫರ್ ನಿಮಗೆ ಕಟ್ಟುವುದಿಲ್ಲ ಎಂದೇ ಅರ್ಥ. ಅದೇ ಹುಡುಗಿ ನಾಳೆ ಮನೆಮನೆಗೆ ಹೋಗಿ ಮಾಡುವ ಆ್ಯಪಿಗೆ ಸೇರಿದರೆ ಅರ್ಧ ಗಿರಾಕಿ ಅವಳ ಹಿಂದೆ.

ದರ 1,200 ಎಂದು ಬರೆದು ಅದಕ್ಕೆ ಗೀಟು ಎಳೆದು 800 ಎಂದು ತೋರಿಸುವವರಿಗೂ ಒಂದು ಮಾತು. ಎಂದೂ 1,200 ತಗೊಂಡಿಲ್ಲದಿದ್ದರೆ ಅದು ರಿಯಾಯಿತಿಯಲ್ಲ, ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗಳಿಗೂ ಅನ್ವಯಿಸುತ್ತದೆ, ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ನಿಮ್ಮ ಬೀದಿಗೆ ಯಾರೂ ದಿಲ್ಲಿಯಿಂದ ಬರಲಾರರು, ನಿಜ. ಆದರೆ ನಿಮ್ಮ ಬೀದಿಯ ಹೆಂಗಸರ ನೆನಪಿನಲ್ಲಿ ಕಳೆದ ಯುಗಾದಿಯ ದರ ಪೈಸೆ ಸಮೇತ ಇರುತ್ತದೆ.

ಕೊನೆಗೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಗಳ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. “ಟಿವಿಯಲ್ಲಿ ಕಡಿಮೆಯಾಯ್ತು ಅಂದ್ರಲ್ಲ, ನೀವ್ಯಾಕೆ ಇಳಿಸಿಲ್ಲ?” ಎಂದು ನಿಮ್ಮನ್ನು ಕೇಳುತ್ತಾರೆ. ವರ್ಷದ ವಹಿವಾಟು ಇಪ್ಪತ್ತು ಲಕ್ಷದೊಳಗಿದ್ದು ನೋಂದಣಿ ಮಾಡಿಸದವರು ಗಿರಾಕಿಯಿಂದ ಜಿಎಸ್‌ಟಿ ತಗೊಳ್ಳುವ ಹಾಗೇ ಇರಲಿಲ್ಲ, ಇಳಿಸಲು ಏನೂ ಇಲ್ಲ. ನಿಮ್ಮಲ್ಲಿ ಬಹುಪಾಲು ಜನರದ್ದು ಇದೇ ಸ್ಥಿತಿ. ಹಾಗೆಂದು ನಗುನಗುತ್ತಾ ಹೇಳಿ. ನೋಂದಣಿ ಇದ್ದವರು ಮಾತ್ರ ಇಳಿಸಲೇಬೇಕು, ಆದರೆ ಕಿಟ್ಟು, ಕ್ರೀಮುಗಳ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸು ಹಿಡಿದುಕೊಳ್ಳುವ ಸೌಲಭ್ಯ ಈ ಶೇ. 5ರಲ್ಲಿ ಇಲ್ಲ. ಮೇಲೆ 250 ಎಂದು ಹಾಕಿದೆನಲ್ಲ, ನಿಮ್ಮ ಲೆಕ್ಕದಲ್ಲಿ ಆ ಅಂಕಿಗೆ ತೆರಿಗೆಯನ್ನೂ ಸೇರಿಸಿಯೇ ಹಾಕಬೇಕು. ಅದನ್ನು ಮರೆತು ಆಫರ್ ಹಾಕಿದರೆ ಉಳಿಯುವ ನೂರೈವತ್ತೂ ಕರಗುತ್ತದೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟೆ. ಆಷಾಢಕ್ಕೆ ಒಂದು ತಿಂಗಳು ಇರುವಾಗಲೇ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಬಂದವರ ಹೆಸರಿನ ಮುಂದೆ ಯಾವ ವಾರ, ಎಷ್ಟು ಗಂಟೆಗೆ ಬಂದರು, ಏನು ಮಾಡಿಸಿಕೊಂಡರು ಎಂದು ಬರೆಯುತ್ತಾ ಹೋಗಿ. ಕುರ್ಚಿ ಖಾಲಿ ಇದ್ದ ಗಂಟೆಗಳು ತಾವಾಗಿಯೇ ಕಾಣುತ್ತವೆ. ಆ ನೋಟ್‌ಬುಕ್ ಹಿಡಿದುಕೊಂಡು ಬನ್ನಿ, ಯಾವ ದಿನಕ್ಕೆ ಏನು ಹಾಕಬೇಕೆಂದು ಕೂತು ನೋಡೋಣ. ಇನ್ಕಮ್ ಟ್ಯಾಕ್ಸ್ ರಿಟರ್ನಿನ ಗಡುವಿನ ವಾರ ಮಾತ್ರ ಬೇಡ. ಆಗ ಎಲ್ಲರ ರಿಟರ್ನ್ ತುಂಬುವ ಗಡಿಬಿಡಿ, ಅವು ನನ್ನ ಮುಹೂರ್ತದ ದಿನಗಳು, ಫೀಸಿನಲ್ಲಿ ಒಂದು ರೂಪಾಯಿಯೂ ಬಿಡುವುದಿಲ್ಲ. ಬೇರೆ ಯಾವುದಾದರೂ ಮಂಗಳವಾರ ಬೆಳಿಗ್ಗೆ ಬಂದರೆ ಕಾಫಿ ನನ್ನ ಲೆಕ್ಕದಲ್ಲಿ.

ಇಂತಿ,
ನಿಮ್ಮ ಊರಿನ ಲೆಕ್ಕ ಬರೆಯುವವಳು